ಲಕೋಟೆಯ ಮೇಲಿನ ಹಲಸಿನ ಮರ

ನಾನು ಹುಟ್ಟಾ ಅನುಮಾನದ ಹೆಂಗಸು. ತೂಕ ಹಾಕುವಾಗ ತಕ್ಕಡಿಯನ್ನಲ್ಲ, ಅಂಗಡಿಯವನ ಬೆರಳನ್ನು ನೋಡುತ್ತೇನೆ. ಅದಕ್ಕೆ ನಾಚಿಕೆಪಟ್ಟದ್ದು ಒಂದೇ ಸಲ.

ಪಿರಿಯಾಪಟ್ಟಣದಿಂದ ಕೊಡಗಿಗೆ ಹೋಗುವ ದಾರಿಯಲ್ಲಿ ಕಾಫಿ ತೋಟದ ಬಿಳಿ ದೊರೆಯ ಬಂಗಲೆಯಿತ್ತು. ಅದರ ಬೇಲಿಗೆ ಒತ್ತಿಕೊಂಡೇ ನಮ್ಮ ಮನೆ. ಮಾವನ ಕಾಲದಿಂದ ಅಲ್ಲೇ ಇದ್ದೆವು, ಕೈಯಲ್ಲಿ ಕಾಗದಪತ್ರ ಮಾತ್ರ ಇರಲಿಲ್ಲ. ಒಂದು ಬೇಸಿಗೆ ಮೈಸೂರಿನಿಂದ ಚಿತ್ರ ಬರೆಯುವವನೊಬ್ಬ ಬಂದ. ಬಂಗಲೆ ಕಟ್ಟಿ ಐವತ್ತು ವರ್ಷವಾಯಿತಂತೆ. ಅದರ ನೆನಪಿಗೆ ಬಂಗಲೆಯ ಚಿತ್ರದ ಚೀಟಿ ಅಚ್ಚು ಹಾಕಿಸಿ, ದೊರೆಯ ಲಕೋಟೆಗಳ ಮೇಲೆಲ್ಲ ಅಂಚೆಚೀಟಿಯ ಪಕ್ಕ ಅಂಟಿಸುತ್ತಾರಂತೆ.

ಅವನು ರಸ್ತೆಯಾಚೆ ಕೂತು ಬರೆಯುತ್ತಿದ್ದ. ಮಜ್ಜಿಗೆ ಕೊಡುವ ನೆಪದಲ್ಲಿ ಇಣುಕಿದೆ. ಬಂಗಲೆಯ ಮಗ್ಗುಲಲ್ಲೇ ನಮ್ಮ ಹೆಂಚಿನ ಮಾಡು ಮೂಡುತ್ತಿತ್ತು. ಊರೂರು ಸುತ್ತುವ ಲಕೋಟೆ ಅದು. ಯಾವ ಕಚೇರಿಯವನ ಕಣ್ಣಿಗೆ ಬಿದ್ದು, ಈ ಮನೆ ಯಾರದು, ಪತ್ರ ಎಲ್ಲಿ ಎಂದು ಕೇಳುತ್ತಾನೋ!

“ನಮ್ಮನೆ ಬ್ಯಾಡ ಕಣಪ್ಪ. ಅಲ್ಲೊಂದು ಅಲಸಿನ ಮರ ಬರ್ದ್ಬುಡು,” ಎಂದು ಒಂದು ಹುಂಜವನ್ನೂ ಕೈಗಿಟ್ಟೆ. ಅವನು ನಕ್ಕು ಬರೆದ. ಗಂಡನಿಗೆ, ಹುಂಜವನ್ನು ನರಿ ಹೊತ್ತುಕೊಂಡು ಹೋಯಿತು ಎಂದೆ.

ಎರಡು ವರ್ಷ ನೆಮ್ಮದಿಯಾಗಿದ್ದೆ. ಆಮೇಲೆ ದೊರೆಗೆ ಕಾಫಿ ಒಣಗಿಸುವ ಕಣಕ್ಕೆ ನಮ್ಮ ಜಾಗ ಬೇಕಾಯಿತು. ಸ್ಥಳ ನೋಡಲು ತಾಲ್ಲೂಕಿನ ಅಮಲ್ದಾರರು ಬಂದರು. ಬಂಗಲೆಯ ಗುಮಾಸ್ತ ಅವರ ಕೈಗೆ ಒಂದು ಹಳೆಯ ಲಕೋಟೆ ಕೊಟ್ಟ.

“ನೋಡಿ ಸ್ವಾಮಿ, ಎರಡು ವರ್ಷದ ಹಿಂದಿನ ಅಂಚೆ ಮುದ್ರೆಯಿದೆ. ಆಗ ಇಲ್ಲಿ ಮನೆಯೇ ಇರಲಿಲ್ಲ, ಮರವಿತ್ತು. ಅದನ್ನು ಕಡಿದು ಈಚೆಗೆ ಕಟ್ಟಿಕೊಂಡಿದ್ದಾರೆ.”

ಸಾಕ್ಷಿ ಹೇಳಬೇಕಾದ ಅಕ್ಕಪಕ್ಕದವರೆಲ್ಲ ತೋಟದ ಕೂಲಿಯವರು. ತಲೆ ತಗ್ಗಿಸಿ ನೆಲ ನೋಡಿದರು. ನನ್ನ ಗಂಡ ಕೂಗಾಡಿದ: “ಬರ್ದೋನು ಲಂಚ ತಿಂದವ್ನೆ ಕಣ್ ಸ್ವಾಮಿ!”

ಅದೇನೋ ನಿಜವೇ.

ತಡೆಯಲಾಗಲಿಲ್ಲ. ಮುಂದೆ ಬಂದು ಎಲ್ಲ ಹೇಳಿಬಿಟ್ಟೆ, ಮಜ್ಜಿಗೆ, ಹುಂಜ, ಹಲಸಿನ ಮರ. ಅಮಲ್ದಾರರು ಗುಮಾಸ್ತನ ಕಡೆ ತಿರುಗಿ ನಕ್ಕರು.

“ತಮ್ಮ ಮನೆಯ ಚಿತ್ರ ಬರೆಯಬೇಡ ಎಂದು ತಾವೇ ಹೇಳುವವರು ಎಲ್ಲಾದರೂ ಉಂಟೇನಮ್ಮ? ಚೆನ್ನಾಗಿ ಕತೆ ಕಟ್ಟಿದ್ದೀಯೆ.”

ಹದಿನೈದು ದಿನದಲ್ಲಿ ಜಾಗ ಬಿಡಬೇಕೆಂದು ಅಲ್ಲೇ ಬರೆಸಿದರು. ನನ್ನ ಗಂಡ ಆ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದ.

“ನರಿ ಅಂದಿದ್ಯಲ್ಲಮ್ಮಿ,” ಎಂದ ಮೆಲ್ಲಗೆ.

ಅಲ್ಲಿ ನೆರೆದವರಲ್ಲಿ ನನ್ನ ಮಾತು ನಂಬಿದವನು ಅವನೊಬ್ಬನೇ.