ಮುಂಡಪ್ಪಣ್ಣನ ಮೆತ್ತನೆಯ ದನಿ

ನೆರೂಳದ ಮುಂಡಪ್ಪಣ್ಣ ರೈಲ್ವೆ ಪೊಲೀಸಿನಲ್ಲಿ ಹವಾಲ್ದಾರರು. ಹಳಿಯ ಮೇಲೆ ಯಾರಾದರೂ ಸತ್ತರೆ ಅವರ ಮನೆಗೆ ಫೋನ್ ಮಾಡುವ ಕೆಲಸ ಠಾಣೆಯಲ್ಲಿ ಯಾರಿಗೂ ಬೇಡ. "ನಿಮ್ಮ ದನಿ ಮೆತ್ತಗಿದೆ" ಎಂದು ಹೊಗಳಿ ಹೊಗಳಿಯೇ ಸಾಹೇಬರು ಅದನ್ನು ಇವರ ಕೊರಳಿಗೆ ಕಟ್ಟಿದರು. ಮೊದಮೊದಲು ಫೋನ್ ಇಟ್ಟ ಮೇಲೆ ಊಟ ಸೇರುತ್ತಿರಲಿಲ್ಲ. ಆಮೇಲೆ ಸೇರತೊಡಗಿತು. ಕೆಟ್ಟದ್ದು ಅದೇ ನೋಡಿ!

ಎಷ್ಟೋ ಸಲ ಮನೆಯ ಬಾಲ್ಕನಿಯಲ್ಲಿ ನಿಂತೂ ಅಂಥ ಫೋನ್ ಮಾಡಿದ್ದುಂಟು. ಗಂಡನ ಮೆತ್ತನೆಯ ದನಿಯನ್ನು ರತ್ನಾವತಿ ಕೇಳಿದ್ದು ಆಗ ಮಾತ್ರ. ಹೆಂಡತಿಯ ಜೊತೆ ಅವರದು ಬರೀ ಸಿಡುಕು, ಚಹಾ ತಂದಿಟ್ಟರೂ "ಎಂತ ಇದು, ನೀರಾ?" ಒಂದಾದರೂ ಒಳ್ಳೆಯ ಮಾತು ಆಡಬೇಕೆಂಬ ಆಸೆ ಇತ್ತು ಪಾಪ, ಬಾಯಿಗೆ ಬರುತ್ತಿರಲಿಲ್ಲ. ಈಚೆಗೆ ರತ್ನಾವತಿಯೂ ಮಾತು ಕಡಿಮೆ ಮಾಡಿದ್ದರು.

2009ರಲ್ಲಿ, ಪೊಲೀಸರ ಮನೋಭಾವ ತಿದ್ದಿದರೆ ಇಲಾಖೆಯೂ ಸುಧಾರಿಸೀತೆಂದು ಖಾರಘರದಲ್ಲೊಂದು ಶಿಬಿರ ಇಟ್ಟರು. ಕಲಿಸಲು ಬಂದ ವನಮಾಲಾ ಮೇಡಂ, "ಮನೆಯಲ್ಲಿ ನಗದವರು ಠಾಣೆಗೆ ಬಂದವರ ಹತ್ತಿರ ಏನು ನಗುತ್ತೀರಿ? ಹೆಂಡತಿಗೆ ಈಗಲೇ ಫೋನ್ ಮಾಡಿ, ಸ್ಪೀಕರ್ ಹಾಕಿ, ಒಂದು ಪ್ರೀತಿಯ ಮಾತು ಹೇಳಿ" ಎಂದರು. ಎಲ್ಲರೂ ಕಿಸಕ್ಕನೆ ನಕ್ಕರು. ಮುಂಡಪ್ಪಣ್ಣ ಮಾತ್ರ ಎದ್ದು ನಿಂತರು. ಇಂಥ ನೆಪ ಇನ್ನೆಲ್ಲಿ ಸಿಗಬೇಕು?

"ರತ್ನಾ," ಎಂದರು, ತಮಗೆ ಗೊತ್ತಿದ್ದ ಒಂದೇ ಮೆತ್ತನೆಯ ದನಿಯಲ್ಲಿ. "ಎಲ್ಲಿದ್ದೀ? ಸ್ವಲ್ಪ ಕೂತ್ಕೊ. ನಿನ್ನತ್ರ ಒಂದು ಮಾತು ಹೇಳ್ಲಿಕ್ಕುಂಟು."

ಆ ಕಡೆ ಪಾತ್ರೆ ಬಿದ್ದ ಸದ್ದು. "ಅಯ್ಯೋ ದೇವ್ರೇ! ಸಮಿತ್‌ಗೆ ಎಂತಾಯ್ತು? ಯಾವ ಸ್ಟೇಷನ್ನಲ್ಲಿ? ಹೇಳಿ ಮಾರಾಯ್ರೇ!" ಸಮಿತ್ ಅವರ ಮಗ, ದಿನಾ ಲೋಕಲ್ ರೈಲ್‌ನಲ್ಲಿ ಕಾಲೇಜಿಗೆ ಹೋಗುವವ.

ಸಭೆಯ ನಗು ನಿಂತಿತು. "ಎಂತದೂ ಆಗ್ಲಿಲ್ಲ ರತ್ನಾ, ಗಾಬರಿ ಮಾಡ್ಬೇಡ." ಅದೂ ಅದೇ ದನಿ. ರತ್ನಾವತಿಯ ಅಳು ಇನ್ನಷ್ಟು ಏರಿತು. ದಿಕ್ಕು ತೋಚದೆ ಮುಂಡಪ್ಪಣ್ಣ ಗದರಿದರು: "ಏ, ಬಾಯಿ ಮುಚ್ಚು ಮಾರಾಯ್ತಿ! ತಲೆ ಸಮ ಉಂಟಾ ನಿಂಗೆ? ಅವ ಕಾಲೇಜಲ್ಲಿದ್ದಾನೆ!"

ಅಳು ಗಕ್ಕನೆ ನಿಂತಿತು.

"ಉಸ್ಸಪ್ಪ, ಈಗ ಜೀವ ಬಂತು," ಎಂದರು ರತ್ನಾವತಿ. "ದಮ್ಮಯ್ಯ, ಇನ್ನು ಯಾವತ್ತೂ ನನ್ನತ್ರ ಹಾಗೆ ಮೆತ್ತಗೆ ಮಾತಾಡ್ಬೇಡಿ."

ಮುಂಡಪ್ಪಣ್ಣನಿಗೆ ಅಳು ಬರಬೇಕಿತ್ತು. ಏನೂ ಆಗಲಿಲ್ಲ.

"ಆಯ್ತು, ಮಾತಾಡುದಿಲ್ಲ" ಎಂದು ಫೋನ್ ಇಟ್ಟರು.