ಕಾರ್ ತಗಿ, ನೀರ್ ಬರ್ತದ

ನಮ್ಮ ಬೀದಿಗೆ ಸಮುದ್ರ ಮೋರಿಯ ಬಾಯಿಂದ ಬರುತ್ತದೆ. ನ್ಯೂಜೆರ್ಸಿಯ ಈ ಕೊಲ್ಲಿಯಂಚಿನ ಊರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಉಬ್ಬರ ಜೋರು. ಜೊತೆಗೆ ಪೂರ್ವದ ಗಾಳಿಯೂ ಸೇರಿದರೆ ಮೋರಿಗಳಿಂದ ಉಪ್ಪುನೀರು ಉಕ್ಕಿ ರಸ್ತೆ ತುಂಬುತ್ತದೆ. ಅಷ್ಟರೊಳಗೆ ಕಾರುಗಳನ್ನು ರೈಲ್ವೆ ಸ್ಟೇಷನ್ ಪಕ್ಕದ ಎತ್ತರದ ಜಾಗಕ್ಕೆ ಸಾಗಿಸಬೇಕು. ನಾನು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಂದಿನಿಂದಲೂ ನೀರು ಬರುವ ಮುನ್ನ ಎಚ್ಚರಿಕೆ ಕೊಡುತ್ತಿದ್ದವರು ಎದುರುಮನೆಯ ಅಂಕಲ್.

ವಿಜಯಪುರದ ಕಡೆಯವರು, ರಿಟೈರ್ ಆದ ಸಿವಿಲ್ ಇಂಜಿನಿಯರ್. ಅಡುಗೆಮನೆಯ ಕನ್ನಡ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, ಅಂಗಳದಲ್ಲಿ ನಿಂತು ಗಾಳಿ ನೋಡಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹೊರಡುತ್ತಿದ್ದರು. ಹನ್ನೊಂದು ಮನೆ, ಪ್ರತಿ ಬಾಗಿಲಿಗೆ ಎರಡು ಬಡಿತ. ನನಗೆ, "ತಂಗಿ, ಕಾರ್ ತಗಿ, ನೀರ್ ಬರ್ತದ." ಮೂಲೆಮನೆಯ ಐರಿಷ್ ಅಜ್ಜಿ ಫೋನಿನ ಅಲರ್ಟನ್ನು ನಂಬುತ್ತಿರಲಿಲ್ಲ, ಇವರು ಬಡಿದರೆ ಮಾತ್ರ ಎದ್ದು ಕೀಲಿ ಹುಡುಕುತ್ತಿದ್ದಳು. ನನಗೂ ಅಷ್ಟೇ ನಂಬಿಕೆ. ನಮ್ಮವರು ಎಂಬ ಜಂಬ ಬೇರೆ.

ಹೋದ ವರ್ಷ ಅವರಿಗೆ ಮರೆವು ಶುರುವಾಯಿತು. ಪಂಚಮಿ, ಅಷ್ಟಮಿ ಎನ್ನದೆ ಬಂದು ಬಡಿಯತೊಡಗಿದರು. ಬೀದಿಯವರೆಲ್ಲ ಥ್ಯಾಂಕ್ಸ್ ಹೇಳಿ, ಕಾರು ತೆಗೆದು, ಒಂದು ಸುತ್ತು ಹೊಡೆದು ವಾಪಸು ತಂದು ನಿಲ್ಲಿಸುತ್ತಿದ್ದರು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ನಾನೂ ಕೆಲವು ಸಲ ಹಾಗೇ ಮಾಡಿದೆ.

ಮಾರ್ಚ್ ತಿಂಗಳ ಒಂದು ಸಂಜೆ, ಮ್ಯಾನ್‌ಹಟನ್‌ನಲ್ಲಿ ಎರಡು ಟ್ರೈನ್ ಮಿಸ್ ಆಗಿ ಸುಸ್ತಾಗಿ ಬಂದಿದ್ದೆ. ಶೂ ಬಿಚ್ಚುವಷ್ಟರಲ್ಲಿ ಬಡಿತ. ಆ ವಾರದಲ್ಲಿ ಮೂರನೇ ಸಲ. ನನ್ನ ತಲೆಕೆಟ್ಟಿತು. ಅವರನ್ನು ಒಳಗೆ ಕರೆದುಕೊಂಡು ಹೋಗಿ ನಮ್ಮ ಕ್ಯಾಲೆಂಡರಿನ ಮೇಲೆ ಬೆರಳಿಟ್ಟೆ.

"ನೋಡಿ ಅಂಕಲ್, ಇವತ್ತು ಸಪ್ತಮಿ. ನೀರೂ ಇಲ್ಲ, ಏನೂ ಇಲ್ಲ. ನಿಮಗೆ ಬೇಜಾರಾಗಬಾರದು ಅಂತ ಎಲ್ಲರೂ ಸುಮ್ನೆ ಡ್ರೈವ್ ಮಾಡ್ಕೊಂಡು ಬರ್ತಿದಾರೆ, ಅಷ್ಟೇ."

ಅವರು ಕನ್ನಡಕ ಸರಿಮಾಡಿಕೊಂಡು ಆ ಚೌಕವನ್ನು ಬಹಳ ಹೊತ್ತು ನೋಡಿದರು. "ಹೌದಲ್ಲ ತಂಗಿ, ಸಪ್ತಮಿ. ತಪ್ಪಾತು," ಎಂದು ಹೊರಟುಹೋದರು. ಮತ್ತೆ ಬರಲಿಲ್ಲ. ಮೊದಲ ಎರಡು ದಿನ ನನಗೆ ಹಾಯೆನಿಸಿತ್ತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಅಮಾವಾಸ್ಯೆ ಬಂತು. ಬೆಳಗಿನಿಂದ ಪೂರ್ವದ ಗಾಳಿ. ತಿಥಿ ಗೊತ್ತಿತ್ತು, ಗಾಳಿ ಕೇಳಿಸುತ್ತಿತ್ತು, ಆದರೂ ನಾನು ಕಾಫಿ ಹಿಡಿದುಕೊಂಡು ಆ ಎರಡು ಬಡಿತಕ್ಕೇ ಕಾಯುತ್ತಿದ್ದೆ. ಕಿಟಕಿಯಿಂದ ನೋಡಿದಾಗ ಮೂಲೆಮನೆ ಅಜ್ಜಿಯ ಕಾರಿನ ಚಕ್ರ ಅರ್ಧ ಮುಳುಗಿತ್ತು. ಅವಳೂ ಕಾಯುತ್ತಿದ್ದಳೆಂದು ಕಾಣುತ್ತದೆ.

ನೀರಿನಲ್ಲೇ ರಸ್ತೆ ದಾಟಿ ಅಂಕಲ್ ಮನೆಯ ಬಾಗಿಲು ಬಡಿದೆ. ತೆರೆದವರು ಆಂಟಿ. ಅವರ ಹಿಂದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಅಂಕಲ್ ಬೂಟು ಹಾಕಿಕೊಂಡು ಕೂತಿದ್ದರು.

"ಮುಂಜಾನಿಂದ ಹೀಂಗ ಕುಂತಾರವಾ," ಎಂದರು ಆಂಟಿ. "ಹೋಗ್ರಿ ಅಂದ್ರ ಒಲ್ಲೆ ಅಂತಾರ."

"ಅಂಕಲ್, ನೀರು ಬಂದಿದೆ. ಏಳಿ, ಎಲ್ಲರಿಗೂ ಹೇಳೋಣ."

ಅವರು ಮೆಟ್ಟಿಲಿಗೆ ಬಡಿಯುತ್ತಿದ್ದ ನೀರನ್ನು ನೋಡಿದರು. ತೊಯ್ದ ನನ್ನ ಪೈಜಾಮಾ ನೋಡಿದರು. ಆಮೇಲೆ ಮಕ್ಕಳಿಗೆ ಸಮಾಧಾನ ಹೇಳುವ ಹಾಗೆ ನಕ್ಕರು.

"ಇಲ್ಲ ತಂಗಿ. ಇವತ್ತ ಸಪ್ತಮಿ ಅದ. ನೀನ ತೋರಿಸಿದಿ."