ಚೆಂಡು ಬರುವಾಗ ಅವಳು ಎಲ್ಲಿರುತ್ತಾಳೆ

ಜಗತ್ತಿನಲ್ಲಿ ಕ್ರಿಕೆಟ್ ಆಡುವವರು ಲೆಕ್ಕವಿಲ್ಲದಷ್ಟು ಮಂದಿ. ಅವರಲ್ಲಿ ಬೆರಳೆಣಿಕೆಯವರು ಮಾತ್ರ ಎಲ್ಲರಿಗಿಂತ ಮೇಲೆ ಹೋಗಿ ನಿಲ್ಲುವುದು ಯಾಕೆ ಎಂಬ ಮಾತು ನಮ್ಮ ಮನೆಯಲ್ಲಿ ಮುದ್ದೆ ನುಂಗುವ ಹೊತ್ತಿನಲ್ಲೂ ಏಳುತ್ತದೆ. ಅದೆಲ್ಲ ಅಭ್ಯಾಸ ಎನ್ನುತ್ತಾನೆ ಮಗ. ಅವನು ಜೀವನದಲ್ಲಿ ಯಾವುದನ್ನೂ ಅಭ್ಯಾಸ ಮಾಡಿದವನಲ್ಲ, ಹಾಗಾಗಿ ಅದರ ಮೇಲೆ ಅವನಿಗೆ ಭಕ್ತಿ ಹೆಚ್ಚು. ಸೊಸೆ ಹಣೆಬರಹ ಎನ್ನುತ್ತಾಳೆ. ನಾನು ಹೇಳುವುದು ಇಷ್ಟೇ: ಆ ಆಟಗಾರರ ಮುಖ ನೋಡಿ.

ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ ಮೇಲೆ ನಾನು ಹುಡುಕಿದ್ದು ದೇವರ ಹಾಡನ್ನಲ್ಲ, ಈ ಆಟಗಾರರನ್ನು. ಬೌಲರ್ ಕೈಯಿಂದ ಚೆಂಡು ಬಿಡುವ ಕ್ಷಣಕ್ಕೆ ಸರಿಯಾಗಿ ಬೆರಳೊತ್ತಿ ಚಿತ್ರ ನಿಲ್ಲಿಸಿ, ಬ್ಯಾಟು ಹಿಡಿದವರ ಮುಖ ನೋಡುತ್ತೇನೆ. ಸಾಧಾರಣ ಆಟಗಾರನ ಮುಖದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಭಯವೋ, ಕೋಪವೋ, ಬೆಳಿಗ್ಗೆ ಹೆಂಡತಿಯ ಜೊತೆ ಆಡಿದ ಜಗಳವೋ. ಆದರೆ ಆ ಕೆಲವೇ ಕೆಲವರ ಮುಖದಲ್ಲಿ ಯಾರೂ ಇರುವುದಿಲ್ಲ. ಬಾಗಿಲು ತೆರೆದಿದೆ, ದೀಪ ಉರಿಯುತ್ತಿದೆ, ಮನೆಯವರೆಲ್ಲ ಎದ್ದು ಎಲ್ಲಿಗೋ ಹೋಗಿದ್ದಾರೆ. ನಡು ಮಧ್ಯಾಹ್ನ ಅಂಥ ಮುಖವನ್ನು ಹತ್ತಿರ ಹಿಡಿದು ನೋಡಿದರೆ ಕುತ್ತಿಗೆಯ ಹಿಂದೆ ತಣ್ಣಗಾಗುತ್ತದೆ. ನಾನು ಆ ಮುಖವನ್ನು ಮೊದಲು ಕಂಡದ್ದು ಫೋನಿನಲ್ಲಲ್ಲ, ನಮ್ಮ ಹುಳದ ಮನೆಯಲ್ಲಿ.

ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿದೆ. ರೇಷ್ಮೆ ಹುಳ ಸಾಕುತ್ತೇವೆ. ಮಗನಿಗೆ ಒಬ್ಬಳೇ ಮಗಳು. ನಡೆಯಲು ಕಲಿತ ಕೂಡಲೇ ನನ್ನ ಮುದ್ದೆ ಕೋಲನ್ನು ಕದ್ದು ಅಂಗಳದಲ್ಲಿ ಬ್ಯಾಟು ಬೀಸಿದವಳು. ಚಿಂತಾಮಣಿಯಲ್ಲಿ ರೇಷ್ಮೆ ನೂಲಿನ ವ್ಯಾಪಾರ ಮಾಡುವ ಒಬ್ಬ ಸಾಹೇಬರಿದ್ದಾರೆ. ವಯಸ್ಸಿದ್ದಾಗ ದೊಡ್ಡ ದೊಡ್ಡ ಆಟಗಾರರ ಜೊತೆ ಕ್ರಿಕೆಟ್ ಆಡಿದವರು. ಅವರೇ ಅವಳಿಗೆ ಕೋಚ್. ಅವರ ಕೈಯಲ್ಲಿ ಬೆಳೆದು ಅವಳು ಜಿಲ್ಲೆಯ ತಂಡಕ್ಕೆ ಬಂದಳು. ಮುಂದಿನದು ರಾಜ್ಯದ ಹುಡುಗಿಯರ ತಂಡ. ಅದರ ಆಯ್ಕೆ ಚಿಕ್ಕಬಳ್ಳಾಪುರದಲ್ಲಿ ನಡೆಯುವುದಿತ್ತು. ಈ ಸಲ ತಪ್ಪಿದರೆ ಅವಳಿಗೆ ವಯಸ್ಸು ಮೀರುತ್ತಿತ್ತು.

ಅದಕ್ಕೆ ಸ್ವಲ್ಪ ಮೊದಲು ಗೌರಿಬಿದನೂರಿನಲ್ಲಿ ಒಂದು ಪಂದ್ಯವಾಯಿತು. ಅಲ್ಲಿನ ಒಬ್ಬಳು ಉದ್ದ ಹುಡುಗಿ ಎಸೆದ ಚೆಂಡು ನೆಲಕ್ಕೆ ಬಡಿದು ಮೇಲೆದ್ದು, ಹೆಲ್ಮೆಟ್ಟಿನ ಕಂಬಿಯ ಸಂದಿನಲ್ಲಿ ನುಗ್ಗಿ ನಮ್ಮವಳ ದವಡೆಗೆ ಹೊಡೆಯಿತು. ಹೊಲಿಗೆ ಹಾಕಿದರು. ಗಾಯ ಬೇಗ ಮಾಗಿತು. ಆದರೆ ಅಂದಿನಿಂದ ಯಾರೇ ಜೋರಾಗಿ ಓಡಿ ಬಂದರೂ, ಚೆಂಡು ಕೈಬಿಡುವ ಮೊದಲೇ ಅವಳ ಹಿಂಗಾಲು ಪಕ್ಕಕ್ಕೆ ಸರಿಯತೊಡಗಿತು.

"ಭಯ ತಲೇಲಿದ್ರೆ ಬೈದು ಓಡಿಸ್ಬೋದು ಅಮ್ಮ," ಎಂದರು ಕೋಚ್ ನನ್ನ ಬಳಿ. "ಇದು ಪಾದಕ್ಕೆ ಇಳಿದುಬಿಟ್ಟೈತೆ. ಹಿಂಗೇ ಆದ್ರೆ ಚಿಕ್ಕಬಳ್ಳಾಪುರದಲ್ಲಿ ಎರಡು ಬಾಲ್ ನೋಡಿ ಮನೆಗೆ ಕಳಿಸ್ತಾರೆ."

ಅವಳು ಹೇಳಿದ್ದು ಬೇರೆ. "ಅಜ್ಜಿ, ನಾನು ಬೇಕೂಂತ ಸರಿಯಲ್ಲ. ಕಾಲು ತಾನೇ ಹೋಗ್ಬಿಡುತ್ತೆ. ನಾನು ಅದನ್ನ ನೋಡ್ಕೊಂಡು ನಿಂತಿರ್ತೀನಿ."

"ಹಗ್ಗ ಕಟ್ಲೇನೇ ಕಾಲಿಗೆ? ನಿಮ್ಮಪ್ಪ ಸ್ಕೂಲಿಗೆ ಹೋಗ್ದಿದ್ದಾಗ ಕಟ್ಟಿದ್ದೆ."

"ಅಪ್ಪ ಹೋದ್ನಾ?"

"ಇಲ್ಲ. ಹಗ್ಗ ಹೋಯ್ತು, ಅವನ ಜೊತೆಗೆ."

ಅವಳು ನಕ್ಕಳು. ನಕ್ಕಾಗ ದವಡೆ ಹಿಡಿದುಕೊಂಡಳು.

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅದುವರೆಗೂ ಹಿಪ್ಪುನೇರಳೆ ಸೊಪ್ಪು ಮೇಯುವ ಸರಸರ ಸದ್ದು ಹುಳದ ಮನೆಯಲ್ಲಿ ಹಗಲೂ ರಾತ್ರಿ ಇರುತ್ತದೆ. ಜ್ವರಕ್ಕೆ ಹೋದ ಕೂಡಲೇ ಅದು ನಿಂತುಬಿಡುತ್ತದೆ. ಹುಳಗಳೆಲ್ಲ ತಲೆ ಎತ್ತಿ, ಏನನ್ನೋ ಕೇಳಿಸಿಕೊಳ್ಳುವಂತೆ, ಅಲ್ಲಾಡದೆ ನಿಲ್ಲುತ್ತವೆ. ಮೇಲೆ ಸುಣ್ಣದ ಪುಡಿ ಚೆಲ್ಲಿದರೂ ಕದಲುವುದಿಲ್ಲ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಅವು ತಾವಾಗಿ ಏಳಬೇಕು. ನಮ್ಮ ಅತ್ತೆಯ ಕಾಲದಿಂದ ಇನ್ನೊಂದು ಕಟ್ಟಳೆಯೂ ಇತ್ತು. ಹುಳ ಜ್ವರದಲ್ಲಿರುವಾಗ ಆ ಮನೆಯೊಳಗೆ ಯಾರನ್ನೂ ಹೆಸರು ಹಿಡಿದು ಕರೆಯಬಾರದು. "ಹೋಗಿರೋರ್ನ ಅರ್ಧ ದಾರೀಲಿ ಕರೆದ್ರೆ ಅರ್ಧಾನೇ ವಾಪಸ್ ಬರ್ತಾರೆ," ಎನ್ನುತ್ತಿದ್ದರು ಅತ್ತೆ. ಹುಳದ ವಿಷಯಕ್ಕೋ ಮನುಷ್ಯರ ವಿಷಯಕ್ಕೋ ಎಂದು ನಾನು ಕೇಳಲಿಲ್ಲ. ಅತ್ತೆಯನ್ನು ಕೇಳುವ ಕಾಲ ಅದಲ್ಲ.

ಹುಳ ನಾಲ್ಕನೇ ಜ್ವರಕ್ಕೆ ಹೋದ ಮಧ್ಯಾಹ್ನ, ಎಲ್ಲವೂ ಮೇಯುವುದನ್ನು ನಿಲ್ಲಿಸಿದವೋ ಇಲ್ಲವೋ ನೋಡಲು ಒಳಗೆ ಹೋದೆ. ಕರೆಂಟಿರಲಿಲ್ಲ. ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟಿತ್ತು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ನೊಣ ಬರದಂತೆ ಕಟ್ಟಿದ ನೈಲಾನ್ ಪರದೆಯ ಆಚೆ, ಹುಳದ ಸ್ಟ್ಯಾಂಡುಗಳ ನಡುವೆ, ಎರಡು ಬಿಳಿ ಪಾದ ಕಂಡವು.

ಮೊಮ್ಮಗಳು. ಸುಣ್ಣದ ಪುಡಿ ಅವಳ ಕಾಲಿಗೆ, ಕೂದಲಿಗೆ, ರೆಪ್ಪೆಗೆಲ್ಲ ಕೂತಿತ್ತು. ಇಲ್ಲದ ಬ್ಯಾಟೊಂದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಸ್ವಲ್ಪ ಎತ್ತಿ ನಿಂತಿದ್ದಳು. ಅವಳ ಎರಡೂ ಪಕ್ಕ, ಅಂತಸ್ತಿನ ಮೇಲೆ ಅಂತಸ್ತು, ಹುಳಗಳೂ ಹಾಗೇ ತಲೆ ಎತ್ತಿದ್ದವು.

"ಏಮೇ, ನಿನ್ನ ನೋಡೋಕೆ ಗಂಡು ಬಂದವ್ನೆ. ಮುಖ ತೊಳ್ಕೊ ಬಾ," ಎಂದೆ ಮೆಲ್ಲಗೆ. ಈ ಮಾತಿಗೆ ಅವಳು ಯಾವತ್ತೂ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಾಳೆ. ಅಂದು ರೆಪ್ಪೆಯೂ ಬಡಿಯಲಿಲ್ಲ.

ಆಗ ಕಂಬದ ಮೇಲಿಂದ ಒಂದು ಹಲ್ಲಿ ಅವಳ ಭುಜಕ್ಕೆ ಬಿತ್ತು. ಹಲ್ಲಿ ಕಂಡರೆ ಊರಿಗೆಲ್ಲ ಕೇಳುವಂತೆ ಕಿರುಚುವವಳು. ಹಲ್ಲಿ ಸ್ವಲ್ಪ ಹೊತ್ತು ಅಲ್ಲೇ ಕೂತು, ಕುತ್ತಿಗೆಯ ಮೇಲೆ ಹರಿದು, ಇನ್ನೊಂದು ಭುಜದಿಂದ ನನ್ನನ್ನು ನೋಡಿತು. ಅವಳು ನೋಡಲಿಲ್ಲ. ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಬೆನ್ನು ತೋರಿಸದೆ, ಹಿಂದೆ ಹಿಂದೆ ನಡೆದು ಹೊರಗೆ ಬಂದೆ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಬಂದು ನನ್ನ ಪಕ್ಕ ಜಗಲಿಯ ಮೇಲೆ ಕೂತಳು.

"ಎಲ್ಲೋಗಿದ್ದೆ?"

"ಇಲ್ಲೇ ಹುಳದ ಮನೇಲಿದ್ನಲ್ಲ. ಒಂದು ನಿಮಿಷ ನಿಂತಿದ್ದೆ ಅಷ್ಟೇ."

"ಹಲ್ಲಿ?"

"ಅಮ್ಮೋ, ಎಲ್ಲಿ?" ಎಂದು ಕಾಲೆರಡನ್ನೂ ಮೇಲೆತ್ತಿಕೊಂಡಳು.

ಅಂದಿನಿಂದ ಅಂಗಳದಲ್ಲಿ ನಾನೇ ಅವಳಿಗೆ ಚೆಂಡು ಎಸೆಯತೊಡಗಿದೆ. ನನ್ನ ಎಸೆತದಲ್ಲಿ ನ್ಯಾಯ ನೀತಿ ಇರುವುದಿಲ್ಲ. ಹೇಳದೆ ಎಸೆದೆ, ಸೀನುತ್ತ ಎಸೆದೆ, ಬಾವಿಯ ಕಡೆ ತೋರಿಸಿ ಅಯ್ಯೋ ಹಾವು ಎಂದು ಎಸೆದೆ. ಒಂದು ಸಲ ಚೆಂಡಿನ ಬದಲು ಸೀಬೆಕಾಯಿ ಎಸೆದೆ. ಹಿಂಗಾಲು ನೆಟ್ಟ ಗೂಟದ ಹಾಗೆ ಇದ್ದಲ್ಲೇ ಇತ್ತು. ಸೀಬೆಕಾಯಿಯನ್ನು ಬಿಟ್ಟಳು, ಮುಂದಿನ ಚೆಂಡನ್ನು ಹೊಡೆದಳು. ನನಗೆ ಖುಷಿಯಾಗಬೇಕಿತ್ತು. ಆದರೆ ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ. ನನ್ನ ಕೈಯನ್ನು. ಆ ಕೈ ಯಾರದು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಬೆರಳು ಮಡಚುವ ಮೊದಲೇ ಅವಳ ಬ್ಯಾಟು ಚೆಂಡು ಬೀಳುವ ಕಡೆ ತಿರುಗಿರುತ್ತಿತ್ತು. ನನ್ನ ಕೈ ಏನು ಮಾಡಲಿದೆ ಎಂದು ನನಗಿಂತ ಮುಂಚೆ ಇನ್ನೊಬ್ಬರಿಗೆ ತಿಳಿಯುವುದು ಸುಖದ ವಿಷಯವಲ್ಲ.

ಊಟಕ್ಕೆ ಕೂತರೂ ಅವಳು ಕೆಲವು ಸಲ ಹಾಗೇ ಅಲ್ಲಾಡದೆ ಉಳಿಯತೊಡಗಿದಳು. ತುತ್ತು ಬಾಯಿಯವರೆಗೆ ಬಂದು ಅಲ್ಲೇ ಇರುತ್ತಿತ್ತು. ಸೊಸೆ ನನ್ನನ್ನು ಹಿತ್ತಲಿಗೆ ಕರೆದಳು.

"ಅತ್ತೆ, ಅವಳಿಗೆ ಏನೋ ಸೋಕೈತೆ. ಯಂತ್ರ ಕಟ್ಟಿಸ್ಕೊಂಡು ಬರಣ."

"ಮೂರು ಹೊತ್ತು ತಿಂತಾಳೆ, ನನ್ನ ಫೋನ್ ಕಿತ್ಕೋತಾಳೆ. ಸೋಕಿದ್ದು ಒಳ್ಳೇ ದೆವ್ವಾನೇ ಇರ್ಬೇಕು ಬಿಡು."

"ನಿಮಗೆ ಎಲ್ಲಾ ಆಟ. ನಿನ್ನೆ ನಾನು ಕರೆದ್ರೆ ನನ್ ಕಡೆ ತಿರುಗಿ, ಯಾರು ಅನ್ನೋ ಹಂಗೆ ನೋಡಿದ್ಲು. ನಾನು ಹೆತ್ತೋಳು ಅತ್ತೆ."



ಆ ಭಾನುವಾರ ಕೋಚ್ ಬಂದರು. ಹಳೆಯ ಭುಜವನ್ನು ಉಜ್ಜಿಕೊಂಡು, ತಾವೇ ಓಡಿ ಬಂದು, ಎದೆಯ ಮಟ್ಟಕ್ಕೆ ಎಸೆದರು. ಅವಳು ಕೊನೆಯವರೆಗೂ ನಿಂತು, ಮೂಗಿನ ಕೆಳಗೆ ಚೆಂಡನ್ನು ಆಡಿದಳು. ಮತ್ತೆ ಎಸೆದರು, ಮತ್ತೆ ಆಡಿದಳು. "ಶಾಬಾಷ್ ಬೇಟಾ" ಎನ್ನಲು ಬಾಯಿ ತೆರೆದವರು ಅವಳ ಮುಖ ನೋಡಿ ಹಾಗೇ ಮುಚ್ಚಿದರು. ನನ್ನ ಪಕ್ಕ ಬಂದು ನೀರು ಕೇಳಿದರು.

"ಕಾಲು ಸರಿಹೋಯ್ತಲ್ಲ ಸಾಹೇಬ್ರೇ," ಎಂದೆ.

"ಸರಿಹೋಯ್ತು." ಲೋಟ ಕೆಳಗಿಟ್ಟರು. "ನಾನು ತುಂಬಾ ಜನಾನ ನೋಡಿದೀನಿ ಅಮ್ಮ. ಕಷ್ಟ ಪಡೋರು, ಚುರುಕಾಗಿರೋರು. ಎಲ್ಲಾ ಒಂದು ಮಟ್ಟಕ್ಕೆ ಬಂದು ನಿಂತ್ಬಿಡ್ತಾರೆ. ಹಿಂಗೆ ಹೊರಟುಹೋಗೋದನ್ನ ಒಬ್ಬನಲ್ಲಿ ಮಾತ್ರ ನೋಡಿದ್ದೆ. ಕ್ರಿಕೆಟ್ ಆಡ್ತಾ ಪ್ರಪಂಚಾನೇ ಸುತ್ತಿಬಂದ ಅವನು."

"ಮತ್ತೆ ಒಳ್ಳೇದೇ ಅಲ್ವಾ?"

"ಒಳ್ಳೇದೇ. ಆದ್ರೆ ಒಂದ್ಸಲ ಮನೆಗೆ ಬಂದು ಬಾಗಿಲು ತಟ್ಟಿದ್ರೆ, ಅವರಮ್ಮ ತೆಗೆದು ನೋಡಿ, ಯಾರು ಬೇಕಪ್ಪ ಅಂದ್ರಂತೆ."

ನಾನು ನಗಲು ಹೋದೆ. ಅವರು ನಗಲಿಲ್ಲ.

ಆಯ್ಕೆಯ ದಿನ ಚಿಕ್ಕಬಳ್ಳಾಪುರದ ಮೈದಾನದಲ್ಲಿ ಗಾಳಿಯೇ ಇರಲಿಲ್ಲ. ದೂರದ ಬೆಟ್ಟಗಳು ಹೊಗೆ ಹಿಡಿದಂತಿದ್ದವು. ನಾನೂ ಸೊಸೆಯೂ ಬೇಲಿಯ ಪಕ್ಕ ಬೇವಿನ ನೆರಳಲ್ಲಿ ಕೂತೆವು. ನಮ್ಮವಳ ಸರದಿ ಬಂದಾಗ ಚೆಂಡು ಹಿಡಿದು ದೂರದಲ್ಲಿ ನಿಂತವಳು ಅದೇ ಗೌರಿಬಿದನೂರಿನ ಉದ್ದ ಹುಡುಗಿ. ಸೊಸೆ ನನ್ನ ತೊಡೆಯನ್ನು ಉಗುರು ಇಳಿಯುವಂತೆ ಹಿಡಿದಳು.

ಮೊದಲ ಚೆಂಡೇ ನೆಲದಿಂದ ಮೇಲೆದ್ದಿತು. ನಮ್ಮವಳ ಕಾಲು ಸರಿಯಲಿಲ್ಲ. ಚೆಂಡು ಬ್ಯಾಟಿನ ಹಿಡಿಯ ಪಕ್ಕದಲ್ಲಿ ನುಸುಳಿ ಮುಂಗೈಗೆ ಬಡಿಯಿತು. ಒಣ ಹುಣಸೆ ಕೊಂಬೆ ಮುರಿದಂಥ ಸದ್ದು ಬೇಲಿಯವರೆಗೂ ಕೇಳಿಸಿತು. ಎಸೆದವಳೇ ಬಾಯಿಗೆ ಕೈ ಹಿಡಿದಳು. ನಮ್ಮವಳು ಕೈ ಒದರಲಿಲ್ಲ, ಉಜ್ಜಲಿಲ್ಲ, ನೋಡಿಕೊಳ್ಳಲೂ ಇಲ್ಲ. ಯಾರೋ ಓಡಿ ಹೋಗಿ ಏನೋ ಕೇಳಿದರು. ಅವಳು ಅವರಿಗೆ ತಲೆಯಾಡಿಸಿ ಕಳಿಸಿ, ಮತ್ತೆ ತಲೆ ಸ್ವಲ್ಪ ಎತ್ತಿ ನಿಂತಳು. ಬೇಲಿಯಿಂದಲೂ ನನಗೆ ಆ ಮುಖ ಕಂಡಿತು. ದೀಪ ಇತ್ತು, ಮನೆಯವರಿರಲಿಲ್ಲ.

ಸೊಸೆ ಎದ್ದು ನಿಂತಳು. ಹೆಸರು ಕೂಗಲು ಉಸಿರು ಎಳೆದುಕೊಂಡಳು. ನಾನು ಸೆರಗಿನ ಸಮೇತ ಅವಳ ಬಾಯಿ ಮುಚ್ಚಿದೆ.

"ಬಿಡಿ ಅತ್ತೆ. ಸಾಯ್ತಾಳೆ ನನ್ನ ಮಗಳು," ಎಂದಳು ನನ್ನ ಬೆರಳುಗಳ ಸಂದಿನಿಂದಲೇ.

"ಈಗ ಕರೆದ್ರೆ ಕಾಲು ಸರಿಯುತ್ತೆ. ಇವತ್ತಿಗೆ ಎಲ್ಲಾ ಮುಗೀತು. ಸುಮ್ನಿರು."

"ಆಮೇಲೆ ವಾಪಸ್ ಬರ್ದೇ ಹೋದ್ರೆ?"

ನನಗೂ ಗೊತ್ತಿರಲಿಲ್ಲ. ಆದರೂ ಕೈ ತೆಗೆಯಲಿಲ್ಲ. ಸೊಸೆಯ ಬಿಸಿ ಉಸಿರು, ಆಮೇಲೆ ಕಣ್ಣೀರು ನನ್ನ ಅಂಗೈಗೆ ತಾಗಿದವು.

ಮುಂದಿನ ಚೆಂಡು ಅದೇ ಎತ್ತರಕ್ಕೆ ಬಂತು. ಅದು ಬ್ಯಾಟಿನಿಂದ ಹೊರಟು ಬೇಲಿಗೆ ಬಡಿದಾಗ ನಮ್ಮ ಹತ್ತಿರ ಮಲಗಿದ್ದ ನಾಯಿ ಎದ್ದು ಓಡಿತು. ಆಮೇಲೆ ಉದ್ದ ಹುಡುಗಿ ಎಲ್ಲಿ ಎಸೆದರೂ ನಮ್ಮವಳು ಮೊದಲೇ ಅಲ್ಲಿಗೆ ಹೋಗಿ ಕಾಯುತ್ತಿದ್ದಂತೆ ಕಂಡಿತು. ಕೂತು ಬರೆದುಕೊಳ್ಳುತ್ತಿದ್ದ ದೊಡ್ಡವರು ಬರೆಯುವುದನ್ನು ನಿಲ್ಲಿಸಿ ನೋಡಿದರು. ಮೈದಾನದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಪ್ಪಾಳೆ ತಟ್ಟುವ ಆಟವಾಗಿರಲಿಲ್ಲ ಅದು.

ಸಂಜೆ ಹೆಸರು ಓದಿದರು. ಅವಳ ಹೆಸರು ಬಂತು. ಅವಳು ಕೈ ಎತ್ತಿದಳು, ಎಲ್ಲರ ಜೊತೆ ನಿಂತು ಫೋಟೋ ತೆಗೆಸಿಕೊಂಡಳು. ಆಮೇಲೆ ಚೀಲ ಹೊತ್ತು ನಮ್ಮ ಮುಂದೆಯೇ ಹಾದು ಗೇಟಿನ ಕಡೆ ನಡೆದುಬಿಟ್ಟಳು. ಸೊಸೆ ಓಡಿ ಹೋಗಿ ಅವಳ ಚೀಲ ಹಿಡಿದುಕೊಂಡಳೇ ಹೊರತು ಹೆಸರು ಹಿಡಿದು ಕರೆಯಲಿಲ್ಲ. ನನ್ನ ಕಡೆ ಮಾತ್ರ ಒಮ್ಮೆ ನೋಡಿದಳು. ಆ ನೋಟ ನನಗೆ ಇಷ್ಟವಾಗಲಿಲ್ಲ.

ಚಿಂತಾಮಣಿ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿದೆವು. ಶಿಡ್ಲಘಟ್ಟದಲ್ಲಿ ಬಸ್ಸು ಖಾಲಿಯಾಗಿ ಮತ್ತೆ ತುಂಬಿತು. ಕಿಟಕಿಯಲ್ಲಿ ಹಿಪ್ಪುನೇರಳೆ ತೋಟಗಳು ಕಪ್ಪಾಗುತ್ತಿದ್ದವು. ನಾನು ಅವಳ ಮುಖ ನೋಡುವುದನ್ನು ಬಿಟ್ಟು ಗಾಜಿನಲ್ಲಿ ಬಿದ್ದ ನೆರಳನ್ನು ನೋಡಿದೆ. ಆ ನೆರಳಿಗೂ ನನ್ನ ಗುರುತಿರಲಿಲ್ಲ.

ನಮ್ಮೂರಿನ ತಿರುವಿಗೆ ಮುಂಚೆ ಬಸ್ಸು ಹಳ್ಳಕ್ಕೆ ಇಳಿದು ಎಗರಿತು.

"ಆ," ಎಂದಳು ಅವಳು.

ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ನೋಡಿಕೊಂಡಳು. ಮುಂಗೈ ನೀಲಿಗಟ್ಟಿ ಊದಿತ್ತು. ಊತದ ನಡುವೆ ಚೆಂಡಿನ ಹೊಲಿಗೆಯ ಗುರುತು ಸಾಲಾಗಿ ಮೂಡಿತ್ತು.

"ಇದ್ಯಾವಾಗ ಬಿತ್ತು ಅಜ್ಜಿ?"

"ಬೆಳಿಗ್ಗೆ."

"ಬೆಳಿಗ್ಗೇನಾ? ಮತ್ತೆ ಆಟ?" ಅವಳ ಕಣ್ಣಲ್ಲಿ ನೀರು ತುಂಬುತ್ತಿತ್ತು. "ನಾನು ಔಟಾದ್ನಾ? ಕಾಲು ಹೋಯ್ತಾ?"

"ಹೋಗ್ಲಿಲ್ಲ. ನಿನ್ನ ಹೆಸ್ರು ಕರೆದ್ರು. ಕೈ ಎತ್ತಿದೆ ನೀನು."

"ನಾನಾ?"

ಸೊಸೆ ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ನೀಲಿಗಟ್ಟಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಳು.

"ನೋಯುತ್ತೆ ಕಣಮ್ಮ, ಬಿಡು."

"ಎಲ್ಲಿ?"

"ಅಲ್ಲೇ, ನೀನು ಒತ್ತುತಾ ಇದ್ದೀಯಲ್ಲ, ಅಲ್ಲೇ. ಅಮ್ಮಾ."

ಸೊಸೆ ಇನ್ನೊಮ್ಮೆ ಮೆಲ್ಲಗೆ ಒತ್ತಿದಳು. ಊರು ಬರುವವರೆಗೂ ಕೈ ಬಿಡಲಿಲ್ಲ.